ಕೋಟೆಯ ಕಥೆ ಹೇಳಿದವರು

ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೊರಟ ಹೆದ್ದಾರಿಯಲ್ಲಿ, ಮೊಳಕಾಲ್ಮೂರಿನ ಗುಡ್ಡಗಳು ಕಣ್ಣಿಗೆ ಬೀಳುವ ಮೊದಲೇ, ತಳುಕು ಎಂಬ ಊರು ಸಿಗುತ್ತದೆ. ಮಳೆ ಅಪರೂಪವಾದ ಸೀಮೆಯಿದು. ಶೇಂಗಾ ಹೊಲಗಳೂ ದನಕುರಿಗಳು ಮೇಯುವ ಕಾವಲುಗಳೂ ಎತ್ತ ನೋಡಿದರೂ ಹಬ್ಬಿವೆ. ಹಾದುಹೋಗುವ ಪ್ರಯಾಣಿಕನಿಗೆ ಇಲ್ಲಿ ಇಳಿದು ನೋಡಬೇಕಾದುದು ಏನೂ ಇದ್ದಂತೆ ತೋರದು. ಆದರೆ ಕನ್ನಡ ಸಾಹಿತ್ಯವನ್ನು ಬಲ್ಲವರು ಈ ಊರನ್ನು ಎರಡು ಕಾರಣಗಳಿಗಾಗಿ ನೆನೆಯುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಇಲ್ಲಿಯವರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೇ. ಅದೇ ಮನೆತನದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಎಂದರೆ ತ. ರಾ. ಸು. ಅವರು, ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಕನ್ನಡಿಗರ ಮನೆಮಾತಾಗಿಸಿದರು.

ತ. ರಾ. ಸು. ಅವರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನು ಕಂಡರು, ಪತ್ರಿಕೆಗಳಲ್ಲಿ ದುಡಿದರು, ಕೊನೆಗೆ ಬರವಣಿಗೆಯನ್ನೇ ಬಾಳುವೆಯಾಗಿಸಿಕೊಂಡರು. ದುರ್ಗದ ಇತಿಹಾಸವನ್ನು ಕುರಿತ ಅವರ ಕಾದಂಬರಿಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಓದುವುದಕ್ಕಿಂತ, ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರನ್ನು ಒಂದಾದ ಮೇಲೊಂದರಂತೆ ಓದುವುದು ಲೇಸು. ದಳವಾಯಿ ಮುದ್ದಣ್ಣನ ಅಧಿಕಾರದಾಹದಿಂದ ಅರಮನೆಯಲ್ಲಿ ಹೊತ್ತಿಕೊಂಡ ಕಿಚ್ಚು ಯಾರುಯಾರನ್ನು ಸುಟ್ಟಿತೆಂಬುದು ಆಗ ತಿಳಿಯುತ್ತದೆ. ಕತ್ತಿಯ ಸದ್ದಿಗಿಂತ ಪಿಸುಮಾತಿನ ಸದ್ದೇ ಈ ಪುಸ್ತಕಗಳಲ್ಲಿ ಹೆಚ್ಚು ಭಯ ಹುಟ್ಟಿಸುತ್ತದೆ. ಯುದ್ಧದ ವರ್ಣನೆಯನ್ನೇ ಬಯಸಿ ಬಂದ ಓದುಗನು ಮೊದಲು ಕೊಂಚ ನಿರಾಶನಾದಾನು; ಆದರೂ ಪುಸ್ತಕವನ್ನು ಕೆಳಗಿಡಲಾರನು.

ಆ ಬಳಿಕ ಕೈಗೆತ್ತಿಕೊಳ್ಳಬೇಕಾದುದು ‘ದುರ್ಗಾಸ್ತಮಾನ’. 1982ರಲ್ಲಿ ಪ್ರಕಟವಾದ ಈ ದೊಡ್ಡ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅಷ್ಟರಲ್ಲಿ ಲೇಖಕರು ತೀರಿಕೊಂಡು ಒಂದು ವರುಷವಾಗಿತ್ತು. ಕಥೆಯ ಕೊನೆಯೇನೆಂಬುದನ್ನು ಹೆಸರೇ ಹೇಳಿಬಿಡುತ್ತದೆ: ದುರ್ಗವು ಮುಳುಗುವುದು ನಿಶ್ಚಯ. ಹೀಗಿದ್ದೂ ಓದುಗನು ಪುಟಪುಟಕ್ಕೂ ಮದಕರಿನಾಯಕನು ಹೇಗಾದರೂ ಉಳಿಯಲೆಂದು ಹಾರೈಸುತ್ತಾನೆ. ಹಿಂದೆ ಹೈದರಾಲಿಯ ದಂಡಯಾತ್ರೆಗಳಿಗೆ ಬೇಡರ ಪಡೆಯೊಡನೆ ನೆರವಾಗಿದ್ದ ನಾಯಕನೇ ಮುಂದೆ ಅದೇ ಹೈದರನ ಮುತ್ತಿಗೆಗೆ ಗುರಿಯಾದನು. 1779ರಲ್ಲಿ ಏಳು ಸುತ್ತಿನ ಕೋಟೆ ಬಿದ್ದಿತು. ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು.

ಇಷ್ಟು ಇತಿಹಾಸ. ನಾಯಕನು ಆ ಕಡೆಯ ರಾತ್ರಿಗಳಲ್ಲಿ ಏನು ಯೋಚಿಸಿದನು, ತನ್ನವರೊಡನೆ ಏನು ಮಾತಾಡಿದನು ಎಂಬುದು ಕಾದಂಬರಿಕಾರನು ಊಹಿಸಿ ಕಟ್ಟಿದ್ದು. ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿತವನಿಗೆ ಐತಿಹಾಸಿಕ ಕಾದಂಬರಿಯಿಂದ ಸಂತೋಷ ಇಮ್ಮಡಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನೂ ಹೀಗೆಯೇ ಓದಬೇಕು. 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಅರಸನ ಕಥೆಯದು. ಅಲ್ಲಿಯ ದೊರೆಯಲ್ಲಿ ಮೆಚ್ಚತಕ್ಕ ಗುಣಗಳು ವಿರಳ. ಮದಕರಿಯನ್ನು ಪ್ರೀತಿಸಿದ ಓದುಗನಿಗೆ ಅದೊಂದು ಒಳ್ಳೆಯ ಪರೀಕ್ಷೆ.

ದುರ್ಗದ ಪತನದ ಬಗ್ಗೆ ಯೋಧನೊಬ್ಬನೂ ಬರೆದಿದ್ದಾನೆ. ಮದರಾಸಿನ ಇಂಗ್ಲಿಷ್ ಸೇನೆಯಲ್ಲಿದ್ದು, ಬಳಿಕ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ದಕ್ಷಿಣ ಭಾರತದ ಇತಿಹಾಸವನ್ನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದನು. ಕೋಟೆ ಬಿದ್ದ ಮೇಲೆ ಹೈದರನು ಕೈಗೆ ಸಿಕ್ಕ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ ‘ಚೇಲಾ’ ಎಂಬ ಹೆಸರಿನ ಸೇನಾದಳಗಳನ್ನು ಕಟ್ಟಿದನೆಂದೂ ಅವನು ಹೇಳುತ್ತಾನೆ. ಹೇಳಿದ್ದು ಅಷ್ಟೇ. ಇಪ್ಪತ್ತು ಸಾವಿರ ಜನರಿಗೆ ಕೆಲವೇ ಸಾಲುಗಳು! ಆ ಹುಡುಗರು ಯಾವ ಯಾವ ಹಟ್ಟಿಯವರು, ಅವರ ತಾಯಂದಿರು ಏನಾದರು, ಎಷ್ಟು ಮಂದಿ ಹಿಂದಿರುಗಿದರು? ಆ ಬೇಡರ ಮಕ್ಕಳಲ್ಲಿ ಯಾರೂ ತಮ್ಮ ಕಥೆಯನ್ನು ಬರೆದಿಡಲಿಲ್ಲ.

ಆದರೆ ಚೇಲಾ ದಳಕ್ಕೆ ಸೇರಿಸಲ್ಪಟ್ಟ ಬೇರೊಬ್ಬ ಹುಡುಗನು ಬರೆದಿಟ್ಟನು. ಅವನು ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ ಬಾಲಕ. 1782ರಲ್ಲಿ ಅವನಿದ್ದ ಹಡಗು ಫ್ರೆಂಚರ ವಶವಾಯಿತು. ಫ್ರೆಂಚರು ಸೆರೆಯಾಳುಗಳನ್ನು ಹೈದರನಿಗೆ ಒಪ್ಪಿಸಿದರು. ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕಳೆದು, ಕೊನೆಗೆ ತಪ್ಪಿಸಿಕೊಂಡು ತನ್ನ ಜನರನ್ನು ಸೇರುವ ಹೊತ್ತಿಗೆ ಅವನ ಇಂಗ್ಲಿಷ್ ಮಾತು ತೊಡರುತ್ತಿತ್ತು. ಕುರ್ಚಿಯ ಮೇಲೆ ಕುಳಿತುಕೊಳ್ಳುವುದೂ ಅವನಿಗೆ ಮರೆತುಹೋಗಿತ್ತು. ಅವನ ಸ್ಮರಣೆಗಳು ಪುಸ್ತಕವಾಗಿ ಬಂದದ್ದು 1824ರಲ್ಲಿ, ಅವನು ತೀರಿಕೊಂಡ ಮೇಲೆ. ಅದರಲ್ಲಿ ಕಹಿಯಿದೆ, ಶತ್ರುವಿನ ಮೇಲಿನ ಹಗೆಯಿದೆ, ಅವನ ಮಾತುಗಳನ್ನೆಲ್ಲ ತೂಗಿ ನೋಡದೆ ನಂಬಲಾಗದು. ಆದರೂ ಹುಟ್ಟಿದ ನೆಲದಿಂದ ಕಿತ್ತು ತಂದು ಸಿಪಾಯಿಯಾಗಿಸಿದ ಹುಡುಗನೊಬ್ಬನ ಸಂಕಟ ಅಲ್ಲಿ ದಾಖಲೆಯಾಗಿದೆ. ದುರ್ಗದ ಸೀಮೆಯ ಓದುಗನು ಆ ಪುಟಗಳನ್ನು ತಿರುವುವಾಗ ಸ್ಕರಿಯ ಹಿಂದೆ ಬರೆಯದೆ ಹೋದ ಮಕ್ಕಳನ್ನೂ ಕಾಣದಿರಲಾರನು.

ಯೋಧರ ಸ್ಮರಣೆಗಳನ್ನು ಓದುವಾಗ ಇನ್ನೊಂದು ಎಚ್ಚರಿಕೆ ಬೇಕು. ಬ್ರಿಗೇಡಿಯರ್ ಜಾನ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ಇದಕ್ಕೆ ತಕ್ಕ ಉದಾಹರಣೆ. 1962ರ ಚೀನಾ ಯುದ್ಧದಲ್ಲಿ ನಮ್ಕಾ ಚು ನದಿಯ ದಡದಲ್ಲಿದ್ದ 7ನೆಯ ಪದಾತಿ ಬ್ರಿಗೇಡಿಗೆ ಅವರು ನಾಯಕರು. ಅಕ್ಟೋಬರ್ 20ರಂದು ದಾಳಿ ನಡೆಯಿತು. 22ರಂದು ಅವರೇ ಸೆರೆಯಾದರು. ಬಿಡುಗಡೆಯಾದದ್ದು ಮರುವರ್ಷದ ಮೇ ತಿಂಗಳಲ್ಲಿ. 1969ರಲ್ಲಿ ಪ್ರಕಟವಾದ ಈ ಗ್ರಂಥವನ್ನು ರವಿ ಬೆಳಗೆರೆಯವರು ಕನ್ನಡಕ್ಕೆ ತಂದಿದ್ದಾರೆ. ಹಿಮದ ನಡುವೆ ಸಾಲದ ಉಡುಪು, ಸಾಲದ ಮದ್ದುಗುಂಡುಗಳೊಂದಿಗೆ ನಿಂತ ಸೈನಿಕರನ್ನು ಕುರಿತ ಭಾಗಗಳು ಓದುಗನ ಎದೆಯನ್ನು ಹಿಂಡುತ್ತವೆ. ಮೇಲಿನವರ ಮೇಲೆ ಲೇಖಕರಿಗಿರುವ ಕೋಪ ಎಲ್ಲಿಯೂ ಅಡಗಿಲ್ಲ. ಆ ಕೋಪಕ್ಕೆ ಗುರಿಯಾದ ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಅವರು ತಮ್ಮ ಪಕ್ಷದ ಕಥನವನ್ನು 1967ರಲ್ಲಿಯೇ ಪ್ರಕಟಿಸಿದ್ದರು. ಒಂದೇ ಯುದ್ಧ, ಇಬ್ಬರು ಸೇನಾನಿಗಳು. ಭೂಪಟವನ್ನು ಎದುರಿಗಿಟ್ಟುಕೊಂಡು ಎರಡನ್ನೂ ಓದಿದವನೇ ನ್ಯಾಯ ಹೇಳಬಲ್ಲನು. ಒಂದನ್ನಷ್ಟೇ ಓದುವ ಬಿಡುವಿದ್ದರೆ ದಳವಿಯವರದನ್ನೇ ಆರಿಸಬೇಕು. ಅಲ್ಲಿ ಸಾಮಾನ್ಯ ಸಿಪಾಯಿಗೆ ಹೆಚ್ಚು ಸ್ಥಳ ದೊರೆತಿದೆ.

ಬರೆಯಲು ಬಾರದವರ ಕಥೆಯೆಲ್ಲವೂ ಅಳಿದುಹೋಗುತ್ತದೆಯೆಂದೂ ಹೇಳಲಾಗದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೆ ಸಾವಿರಾರು ಹಾಡುಗಳು ಅವರ ನಾಲಗೆಯ ಮೇಲಿದ್ದವು. ಕೃಷ್ಣಮೂರ್ತಿ ಹನೂರು ಅವರಂಥ ಜಾನಪದ ವಿದ್ವಾಂಸರು ಬಂದು ಕೇಳಿ ಬರೆದುಕೊಂಡರು. ಅಂಥ ಸಂಗ್ರಹಗಳನ್ನು ಪಾಳೆಯಗಾರರ ಕಾದಂಬರಿಗಳ ಪಕ್ಕದಲ್ಲಿಯೇ ಇಡತಕ್ಕದ್ದು. ಒನಕೆ ಓಬವ್ವನ ಸಾಹಸವಾದರೂ ಮೊದಲು ಉಳಿದದ್ದು ಜನರ ಬಾಯಲ್ಲಿಯೇ ಅಲ್ಲವೆ?

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇದೆಲ್ಲಕ್ಕಿಂತ ಹಳೆಯ ಓದು ಬಂಡೆಯ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅವುಗಳಲ್ಲಿ ಅರಸನು ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರುಷಗಳು ಮೀರಿದವೆಂದೂ, ಮೊದಲೊಂದು ವರುಷ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಸತ್ಯವನ್ನು ನುಡಿಯಬೇಕು ಎನ್ನುತ್ತಾನೆ. ಕಳಿಂಗ ಯುದ್ಧದ ಮಾತು ಮಾತ್ರ ಈ ಬಂಡೆಗಳ ಮೇಲೆ ಇಲ್ಲ. ಆ ಪಶ್ಚಾತ್ತಾಪವನ್ನು ಅವನು ಬೇರೆಡೆ ಕೆತ್ತಿಸಿದನು. ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ ಎಂಬ ಮಾತನ್ನಷ್ಟೇ ಅವನು ಬ್ರಾಹ್ಮಿಯನ್ನು ಬಿಟ್ಟು, ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅರಸನ ಮಾತುಗಳೆಲ್ಲ ಮುಗಿದ ಮೇಲೆ, ಅವನ ಆ ಹೆಸರು ಎರಡು ಸಾವಿರ ವರುಷಗಳಿಂದಲೂ ಅಲ್ಲಿಯೇ ಉಳಿದಿದೆ.