ಹೊಕ್ಕುಳಬಳ್ಳಿಯ ನೆತ್ತರು

ಹೆರಿಗೆಯ ಮನೆಯಲ್ಲಿ ಮಗು ಅತ್ತ ಕೂಡಲೇ ಎಲ್ಲರ ಕಣ್ಣೂ ಅದರ ಕಡೆಗೆ ತಿರುಗುತ್ತದೆ. ಒಂಬತ್ತು ತಿಂಗಳು ಅದನ್ನು ಪೋಷಿಸಿದ ಹೊಕ್ಕುಳಬಳ್ಳಿಯತ್ತ ಯಾರೂ ನೋಡುವುದಿಲ್ಲ.

ನನ್ನ ಅಜ್ಜಿ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದಳು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ನನಗೆ ಮೊದಲು ನೆನಪಾದದ್ದು ನನ್ನ ಅಜ್ಜಿಯ ಒರಟು ಕೈಗಳು. ಬಳ್ಳಿಯ ಬಡಿತ ನಿಲ್ಲುವವರೆಗೆ ಅದನ್ನು ಕತ್ತರಿಸಲು ಅವಳು ಬಿಡುತ್ತಿರಲಿಲ್ಲ. ಅನಂತರ ಬಿದ್ದ ಮಾಸನ್ನು ಮಡಕೆಯಲ್ಲಿಟ್ಟು ಹಿತ್ತಲಿನಲ್ಲಿ ಹೂಳಿಸುತ್ತಿದ್ದಳು. ಕೆಲವು ಮನೆಗಳವರು ಮಗುವಿನ ಹೊಕ್ಕುಳಿಂದ ಒಣಗಿ ಉದುರಿದ ತುಣುಕನ್ನು ತಾಯಿತದಲ್ಲಿ ಕಟ್ಟಿಕೊಳ್ಳುವುದೂ ಉಂಟು. ಬಳ್ಳಿಯಲ್ಲಿ ಏನೋ ಒಂದು ಶಕ್ತಿಯಿದೆಯೆಂಬ ನಂಬಿಕೆ ಜನರಲ್ಲಿ ಇದ್ದೇ ಇತ್ತು. ಆ ಶಕ್ತಿ ಯಾವುದೆಂದು ವಿಜ್ಞಾನ ಕಂಡುಕೊಂಡದ್ದು ಬಹಳ ಈಚೆಗೆ.

ನಮ್ಮ ದೇಹದ ನೆತ್ತರು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತದೆ. ಅಲ್ಲಿರುವ ಆಕರಕೋಶಗಳೆಂಬ ಮೂಲಕೋಶಗಳು ತಾವೂ ಹೆಚ್ಚುತ್ತ, ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆಗಳಾಗಿಯೂ ಮಾರ್ಪಡುತ್ತವೆ. ರಕ್ತದ ಕ್ಯಾನ್ಸರ್‌ನಂತಹ ರೋಗಗಳಲ್ಲಿ ಕೆಟ್ಟ ಮಜ್ಜೆಯನ್ನು ನಾಶಪಡಿಸಿ, ಆರೋಗ್ಯವಂತರ ಆಕರಕೋಶಗಳನ್ನು ರೋಗಿಯ ರಕ್ತನಾಳಕ್ಕೆ ಹರಿಸಬೇಕಾಗುತ್ತದೆ. ಆದರೆ ಯಾರ ಕೋಶಗಳು ಯಾರಿಗೆಂದರೆ ಅವರಿಗೆ ಒಗ್ಗುವುದಿಲ್ಲ. ಒಡಹುಟ್ಟಿದವರಲ್ಲಿಯೇ ಪೂರ್ಣ ಹೊಂದಾಣಿಕೆ ದೊರೆಯುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ.

ಇದೇ ಬಗೆಯ ಕೋಶಗಳು ಹೊಕ್ಕುಳಬಳ್ಳಿಯ ನೆತ್ತರಿನಲ್ಲಿಯೂ ಇವೆ. 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆ ಮಜ್ಜೆ ಸೊರಗುವ ಆನುವಂಶಿಕ ರೋಗವಿದ್ದ ಅಮೆರಿಕದ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕೊಟ್ಟರು. ಆ ತಂಗಿ ಹುಟ್ಟಿದಾಗ ಸಂಗ್ರಹಿಸಿದ ರಕ್ತವನ್ನು ಹಾಲ್ ಬ್ರಾಕ್ಸ್‌ಮೆಯರ್ ಎಂಬ ವಿಜ್ಞಾನಿ ಹೆಪ್ಪುಗಟ್ಟಿಸಿ ಕಾಪಾಡಿದ್ದರು. ಬಾಲಕ ಬದುಕಿದ, ಬೆಳೆದು ದೊಡ್ಡವನಾದ. ನಾಲ್ಕು ವರ್ಷಗಳ ಬಳಿಕ, 1992ರಲ್ಲಿ, ಈ ರಕ್ತದ ಸಾರ್ವಜನಿಕ ಭಂಡಾರ ನ್ಯೂಯಾರ್ಕಿನಲ್ಲಿ ಮೊದಲಾಯಿತು. ನಮ್ಮ ನೆರೆಯ ಚೆನ್ನೈಯಲ್ಲಿಯೂ 2008ರಲ್ಲಿ ಜೀವನ್ ಎಂಬ ಸಂಸ್ಥೆ ಅಂತಹ ಭಂಡಾರವೊಂದನ್ನು ತೆರೆಯಿತು.

ರಕ್ತವನ್ನು ಸಂಗ್ರಹಿಸುವ ಕ್ರಮ ಸರಳವಾದುದು. ಬಳ್ಳಿಯನ್ನು ಕತ್ತರಿಸಿದ ಮೇಲೆ ಮಾಸಿನ ಕಡೆಗೆ ಉಳಿದ ಭಾಗದ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಳಗಿರುವ ನೆತ್ತರನ್ನು ಚೀಲಕ್ಕೆ ಇಳಿಸುತ್ತಾರೆ. ತಾಯಿಗಾಗಲಿ ಮಗುವಿಗಾಗಲಿ ನೋವಿಲ್ಲ. ಸಿಗುವುದು ಸುಮಾರು ಒಂದು ಲೋಟದಷ್ಟಕ್ಕಿಂತಲೂ ಕಡಿಮೆ. ಅದನ್ನು ಪರೀಕ್ಷಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ಇಡುತ್ತಾರೆ. ಆದರೆ ಬಳ್ಳಿಯ ನೆತ್ತರಿನ ಮೊದಲ ಹಕ್ಕು ಹುಟ್ಟಿದ ಮಗುವಿನದೇ. ಬಳ್ಳಿಯನ್ನು ಕಟ್ಟಲು ಒಂದು ನಿಮಿಷಕ್ಕಿಂತ ಮೊದಲು ಆತುರಪಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಜ್ಜಿ ಇದನ್ನು ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ!

ಈ ವಿಷಯವನ್ನು ನಾನು ಓದಿ ತಿಳಿಯಲು ಕಾರಣನಾದವನು ಹೊಳೆನರಸೀಪುರದಲ್ಲಿ ನನ್ನ ಬಳಿ ಓದಿದ ಒಬ್ಬ ಹುಡುಗ. ಅವನೀಗ ಮೂವತ್ತು ದಾಟಿದ ರೈತ. ಒಂದು ಸಂಜೆ ಚನ್ನರಾಯಪಟ್ಟಣದ ನನ್ನ ಮನೆಗೆ ಬಂದು, ಬಣ್ಣದ ಕಾಗದವೊಂದನ್ನು ಮುಂದಿಟ್ಟ. ಹುಟ್ಟಲಿರುವ ಮಗುವಿನ ಬಳ್ಳಿಯ ರಕ್ತವನ್ನು ಆ ಮಗುವಿಗಾಗಿಯೇ ವರ್ಷಾನುಗಟ್ಟಲೆ ಕಾದಿಡುವುದಾಗಿ ಒಂದು ಖಾಸಗಿ ಕಂಪನಿ ಅದರಲ್ಲಿ ಬರೆದಿತ್ತು.

"ಹೆಂಡತಿಯ ಸರ ಅಡವಿಟ್ಟರೆ ಹಣ ಹೊಂದುತ್ತೆ ಮೇಷ್ಟ್ರೇ. ಕಟ್ಟದೆ ಹೋದರೆ ನಾಳೆ ಮಗುವಿಗೆ ನಾನೇ ಅನ್ಯಾಯ ಮಾಡಿದ ಹಾಗೆ ಆಗಲ್ವೆ?" ಎಂದ.

ಪಾಪ, ಅವನ ಭಯವನ್ನೇ ಆ ಕಾಗದ ಬಂಡವಾಳ ಮಾಡಿಕೊಂಡಿತ್ತು. ನಾನು ಒಂದು ವಾರ ಓದಿ, ವೈದ್ಯರನ್ನೂ ಕೇಳಿ ಅವನಿಗೆ ಹೇಳಿದ್ದಿಷ್ಟು. ರೋಗ ಹತ್ತಿದ ಹೊಲದ ಜೋಳವನ್ನು ಹಗೇವಿನಲ್ಲಿ, ಎಂದರೆ ಧಾನ್ಯ ತುಂಬುವ ನೆಲದ ಕುಳಿಯಲ್ಲಿ, ಎಷ್ಟು ಜೋಪಾನವಾಗಿಟ್ಟರೂ ಬಿತ್ತಿದಾಗ ರೋಗವೇ ಮೊಳೆಯುತ್ತದೆ. ಹುಟ್ಟಿನಿಂದ ಬಂದ ರಕ್ತದ ದೋಷ ಬಳ್ಳಿಯ ರಕ್ತದಲ್ಲಿಯೂ ಇರುವುದರಿಂದ ಅದೇ ಮಗುವಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಸ್ವಂತಕ್ಕೆಂದು ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2017ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮನೆಯಲ್ಲಿ ಇಂತಹ ಚಿಕಿತ್ಸೆ ಬೇಕಾದ ಇನ್ನೊಂದು ಮಗುವಿದ್ದರೆ ಮಾತು ಬೇರೆ. ಅವರು ವೈದ್ಯರ ಸಲಹೆಯಂತೆ ನಡೆಯಬೇಕು.

ಸಾರ್ವಜನಿಕ ಭಂಡಾರವಾದರೋ ನಮ್ಮ ಅಮಾನಿಕೆರೆಯಂತೆ. ಯಾರ ಹೊಲದ ಮೇಲೆ ಬಿದ್ದ ಮಳೆ ಯಾರ ಗದ್ದೆಗೆ ಹರಿಯಿತೆಂದು ಕೆರೆ ಕೇಳುವುದಿಲ್ಲ. ಕೊಟ್ಟವರು ಹಣ ಕಟ್ಟಬೇಕಾಗಿಲ್ಲ. ಹೊಂದಿಕೆಯಾದ ಯಾವ ರೋಗಿಗಾದರೂ ಅದು ಸಲ್ಲುತ್ತದೆ.

"ಹಾಗಾದರೆ ಅಲ್ಲಿಗೇ ಕೊಡೋಣ ಮೇಷ್ಟ್ರೇ" ಎಂದು ಅವನು ಒಡನೆಯೇ ಎದ್ದು ನಿಂತ. ಅಷ್ಟು ಸುಲಭವಲ್ಲವೆಂದು ಹೇಳುವಾಗ ನನಗೇ ಬೇಸರವಾಯಿತು. ಭಂಡಾರದೊಡನೆ ಮೊದಲೇ ಏರ್ಪಾಡು ಮಾಡಿಕೊಂಡ ಆಸ್ಪತ್ರೆಯಲ್ಲಿ ಮಾತ್ರ ಈ ದಾನ ಸಾಧ್ಯ. ಅವನ ಹೆಂಡತಿಯ ಹೆರಿಗೆ ಗೊತ್ತಾಗಿದ್ದ ಕಡೆ ಆ ಏರ್ಪಾಡು ಇರಲಿಲ್ಲ. ಅಲ್ಲದೆ ಒಂದು ಬಳ್ಳಿಯಲ್ಲಿರುವ ಕೋಶಗಳು ದೊಡ್ಡವರಿಗೆ ಅನೇಕ ವೇಳೆ ಸಾಲುವುದೂ ಇಲ್ಲ. ಆದರೆ ಅದೇ ಆಕರಕೋಶಗಳನ್ನು ಆರೋಗ್ಯವಂತನಾದ ವಯಸ್ಕನೂ ಕೊಡಬಲ್ಲ. ಅಂತಹ ದಾನಿಗಳ ಹೆಸರನ್ನು ದಾಖಲಿಸುವ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಹದಿನೆಂಟು ತುಂಬಿದವರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿಕೊಟ್ಟರೆ ಸಾಕು. ಎಂದಾದರೂ ಯಾರಿಗಾದರೂ ಹೊಂದಿಕೆಯಾದರೆ ಕರೆ ಬರುತ್ತದೆ.

ಹಾಸನದಲ್ಲಿ ಅವನಿಗೆ ಹೆಣ್ಣುಮಗು ಹುಟ್ಟಿತು. ಬಳ್ಳಿಯನ್ನು ಕಟ್ಟುವ ಮೊದಲು ದಾದಿ ಗಡಿಯಾರ ನೋಡುತ್ತ ಕಾದಳೆಂದು ಆಮೇಲೆ ಹೆಮ್ಮೆಯಿಂದ ಹೇಳಿದ. ಸರ ಅವನ ಹೆಂಡತಿಯ ಕೊರಳಲ್ಲಿಯೇ ಉಳಿದಿದೆ. ನಾಮಕರಣದ ಮರುವಾರ ಅವನು ಬೆಂಗಳೂರಿಗೆ ಹೋಗಿ ಹೆಸರು ಬರೆಸಿ ಬಂದ. ಇದುವರೆಗೆ ಕರೆ ಬಂದಿಲ್ಲ. ದೂರವಾಣಿಯ ಸಂಖ್ಯೆ ಬದಲಾದಾಗ ಮಾತ್ರ ಮರೆಯದೆ ಅವರಿಗೆ ತಿಳಿಸಿದ್ದಾನೆ.