ಅರಿಯದೆ ಮಾಡಿದ ಪಾಪ

ಬೆಟ್ಟ ಹತ್ತಿ ಬಂದು ಪಾಪನಿವೇದನೆಗೆ ಸಾಲು ನಿಂತವರಲ್ಲಿ ಎರಡು ಬಗೆಯವರು ಇರುತ್ತಾರೆ. "ಬೇಕಂತ ಮಾಡಿದ್ದಲ್ಲ, ಅದು ಹೇಗೆ ಪಾಪ ಆಗುತ್ತೆ?" ಎಂದು ಹಗುರವಾಗಿ ಬಿಡುವವರು ಕೆಲವರು. ಹೇಳಲು ಮರೆತ ತಪ್ಪೊಂದು ಇಳಿಯುವಾಗ ನೆನಪಾಗಿ, "ಅಯ್ಯೋ, ಸಿಕ್ಕ ಕ್ಷಮೆಯೂ ಹೋಯಿತೇನೋ" ಎಂದು ಕೊರಗುವವರು ಇನ್ನು ಕೆಲವರು.

ಯಾಜಕಕಾಂಡದ 4ನೇ ಅಧ್ಯಾಯ ಪೂರ್ತಿ ತಿಳಿಯದೆ ಆದ ತಪ್ಪಿನ ಬಗ್ಗೆಯೇ ಇದೆ. ಯಾಜಕ ತಪ್ಪಿದರೆ ಹೋರಿಯನ್ನು ಬಲಿ ಕೊಡಬೇಕು, ಇಡೀ ಸಮಾಜ ತಪ್ಪಿದರೂ ಹೋರಿಯನ್ನೇ. ಅಧಿಪತಿಗೆ ಹೋತ, ಸಾಮಾನ್ಯನಿಗೆ ಹೆಣ್ಣು ಮೇಕೆ ಇಲ್ಲವೆ ಹೆಣ್ಣು ಕುರಿ. ದೊಡ್ಡ ಸ್ಥಾನದವರ ಅಜಾಗ್ರತೆಗೆ ದೊಡ್ಡ ಬೆಲೆ! 5ನೇ ಅಧ್ಯಾಯದಲ್ಲಿ ಬಡವನಿಗೆ ಎರಡು ಪಾರಿವಾಳ ಸಾಕು, ಅದಕ್ಕೂ ಗತಿಯಿಲ್ಲದವನಿಗೆ ಒಂದಿಷ್ಟು ಹಿಟ್ಟು. ಕ್ಷಮೆ ಬಡವನ ಕೈಗೆ ಎಟುಕದೆ ಹೋಗಬಾರದಲ್ಲ! ಆದರೆ ತಪ್ಪು ತನ್ನ ಗಮನಕ್ಕೆ ಬಂದ ಮೇಲೆ ಅವನು ಸುಮ್ಮನಿರುವಂತಿಲ್ಲ.

ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ ಇನ್ನೂ ನೋವಿನ ಉದಾಹರಣೆ ಬರುತ್ತದೆ. ಇಬ್ಬರು ಸೌದೆಗೆ ಕಾಡಿಗೆ ಹೋದಾಗ ಕೊಡಲಿ ಕಾವಿನಿಂದ ಕಳಚಿ ಜೊತೆಗಾರನಿಗೆ ಬಡಿದು ಅವನು ಸಾಯುತ್ತಾನೆ. ಹೊಡೆದವನಿಗೆ ದ್ವೇಷವಿರಲಿಲ್ಲ, ಅವನು ಆಶ್ರಯ ನಗರಕ್ಕೆ ಓಡಿ ಜೀವ ಉಳಿಸಿಕೊಳ್ಳಬಹುದು. ಇಂಥ ನಗರಗಳು ಒಟ್ಟು 6 ಇದ್ದವು. ಹಾಗಂತ ಅವನು ಮರುದಿನ ಮನೆಗೆ ಬರುವ ಹಾಗಿರಲಿಲ್ಲ. ಮಹಾಯಾಜಕ ಸಾಯುವ ತನಕ ಅಲ್ಲೇ ಇರಬೇಕಿತ್ತು. ಉದ್ದೇಶ ಇಲ್ಲದಿದ್ದರೂ ಒಂದು ಮನೆಯ ದೀಪ ಆರಿತ್ತು ತಾನೆ?

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥದ ಪ್ರಕಾರ ಮಾರಕ ಪಾಪವಾಗಲು ವಿಷಯ ಗಂಭೀರವಾಗಿರಬೇಕು, ಅದು ಪಾಪವೆಂದು ಪೂರ್ತಿ ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು. ತಿಳಿಯದೆ ಮಾಡಿದವನ ಹೊಣೆ ಕಡಿಮೆ. ಆದರೆ ತಿಳಿದುಕೊಳ್ಳುವ ಮನಸ್ಸೇ ಇಲ್ಲದವನ ಅಜ್ಞಾನಕ್ಕೆ ಈ ರಿಯಾಯಿತಿ ಇಲ್ಲ. ಅಂಗಡಿಯವನ ತಕ್ಕಡಿ ಕೆಟ್ಟು ತೂಕ ಕಮ್ಮಿ ಬರುತ್ತಿದ್ದರೆ, ಅವನಿಗೆ ಗೊತ್ತಿಲ್ಲದ ದಿನಗಳಲ್ಲಿ ಅವನು ಕಳ್ಳನಲ್ಲ. ಗಿರಾಕಿಗಳು ದೂರಿದರೂ ನೋಡದೆ ಇದ್ದರೆ? ಗೊತ್ತಾದ ಮೇಲೂ ಅದರಲ್ಲೇ ತೂಗಿದರೆ? ಆಗ ಮಾತೇ ಬೇರೆ. ತಕ್ಕಡಿ ಸರಿ ಮಾಡಿಸಿದರಷ್ಟೇ ಸಾಲದು, ನಷ್ಟವಾದವರಿಗೆ ಕೈಲಾದಷ್ಟು ತುಂಬಿಕೊಡಬೇಕು.

ಕೊರಗುವವರಿಗೂ ಸಮಾಧಾನ ಉಂಟು. ಬಚ್ಚಿಡದೆ, ನಿಜವಾಗಿ ಮರೆತ ಪಾಪವೂ ಆ ಕ್ಷಮೆಯೊಳಗೇ ಸೇರಿದೆ. ಅದು ಗಂಭೀರವಾದುದಾದರೆ ಮುಂದಿನ ಪಾಪನಿವೇದನೆಯಲ್ಲಿ ಹೇಳಿದರಾಯಿತು. ಅರ್ಧ ದಾರಿಯಿಂದ ಮತ್ತೆ ಬೆಟ್ಟ ಹತ್ತಬೇಕಿಲ್ಲ.

ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿಯಲ್ಲಿ ಜಾಣೆಯರೂ ತೂಕಡಿಸಿ ಮಲಗಿದ್ದರು. ಇದನ್ನು ಬಹಳ ಜನ ಗಮನಿಸುವುದಿಲ್ಲ. ನಿದ್ದೆ ಹತ್ತಿದ್ದಕ್ಕೆ ಯಾರನ್ನೂ ಹೊರಗೆ ನಿಲ್ಲಿಸಲಿಲ್ಲ, ಎಣ್ಣೆ ಇಲ್ಲದವರಿಗಷ್ಟೇ ಬಾಗಿಲು ಮುಚ್ಚಿತು. ಯಾತ್ರಿಕನ ಎಣ್ಣೆ ಎಂದರೆ ಆತ್ಮಶೋಧನೆ. ಸಾಲಿಗೆ ನಿಲ್ಲುವ ಮೊದಲು ಹತ್ತು ನಿಮಿಷ ಕೂತು, "ಸ್ವಾಮಿ, ನನಗೆ ಕಾಣದ್ದನ್ನು ನೀವೇ ತೋರಿಸಿ" ಎಂದು ಬೇಡಿಕೊಂಡರೆ ಒಮ್ಮೊಮ್ಮೆ ಯಾರದೋ ಮುಖ ಕಣ್ಣ ಮುಂದೆ ಬರುತ್ತದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ರಾಜಿ ಆಗಿ ಬಾ ಎಂದು ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಹೇಳಿದ್ದು ಇಂಥ ಹೊತ್ತಿಗೇ. ಆ ಸಹೋದರ ದೂರದ ಊರಲ್ಲಿದ್ದರೆ ಸಾಲಿನಿಂದ ಸ್ವಲ್ಪ ಆಚೆ ಬಂದು ಒಂದು ಫೋನು ಮಾಡಿದರೂ ಆದೀತು.