ಓಟಿ ಓದಿ ದೇವಾಪುರದ ಕಡೆ ಕೆಲಸಕ್ಕೆ ಬರುವ ತಂಗಿಗೆ ಕಿವಿಮಾತು

ತಂಗಿ, ಆಕ್ಯುಪೇಷನಲ್ ಥೆರಪಿ (ಓಟಿ) ಪದವಿ ಮುಗಿಸಿ ಸುರಪುರ ತಾಲ್ಲೂಕಿಗೇ ಬರುತ್ತೇನೆ ಅಂದೆಯಲ್ಲ, ಕೇಳಿ ಹಿಗ್ಗಾಯಿತು. ದೇವಾಪುರದ ಮನೆಗಳಲ್ಲಿ ನಿನ್ನನ್ನು ಮೊದಲು ಕೇಳುವ ಮಾತು ಒಂದೇ: ‘ಇದರಿಂದ ಗುಣ ಆಗ್ತದೇನ್ರಿ?’ ದವಾಖಾನೆ, ನಾಟಿ ಔಷಧಿ, ಹರಕೆ ಅಂತ ಇದ್ದ ದುಡ್ಡೆಲ್ಲ ಸುರಿದವರು ಕೇಳುವ ಪ್ರಶ್ನೆ ಅದು. ಹಾರಿಕೆಯ ಉತ್ತರ ಕೊಡಬೇಡ. ಇದೇ ಕಸುಬಿನಲ್ಲಿ ಬಾಳಿದವಳು, ಸಂಶೋಧನೆ ಏನನ್ನುತ್ತದೆ ಎಂದು ಓದುತ್ತ ಬಂದವಳು ನಾನು. ತಿಳಿದಷ್ಟನ್ನು ಬರೆದಿದ್ದೇನೆ, ಹತ್ತಿರ ಇಟ್ಟುಕೋ.

• ‘ಓಟಿಗೆ ಪುರಾವೆ ಇದೆಯಾ’ ಎಂದು ಇಡಿಯಾಗಿ ಕೇಳಿದರೆ ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಸಲ ಮಾಡಿಸಿದಾಗ ಎಂದು ಬಿಡಿಸಿ ಕೇಳಬೇಕು. ಲಕ್ವಾದವರಲ್ಲಿ ಸಿಕ್ಕ ಪುರಾವೆಯನ್ನು ಮಕ್ಕಳಿಗೆ ಅಂಟಿಸಬಾರದು. ಆದರೂ ಎಲ್ಲ ಕಡೆ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ: ಮನುಷ್ಯ ತನಗೆ ಬೇಕಾದ ಕೆಲಸವನ್ನೇ, ತಾನೇ ಕೈಹಾಕಿ, ತಾನು ಬದುಕುವ ಜಾಗದಲ್ಲಿ, ಸಾಕಷ್ಟು ಸಲ ಮಾಡಿದಾಗ ಫಲ ಕಾಣುತ್ತದೆ. ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಇದರ ಸುತ್ತಲೇ ಇದೆ.

• ಮೊದಲ ದಿನ ಕೈಕಾಲು ಹಿಡಿದು ನೋಡುವ ಮುಂಚೆ ‘ಏನು ಮಾಡಲಿಕ್ಕೆ ಬರಬೇಕು ನಿಮಗೆ?’ ಎಂದು ಕೇಳು. ಮಗನನ್ನಲ್ಲ, ಗಂಡನನ್ನಲ್ಲ, ಅವರನ್ನೇ. 1991ರಲ್ಲಿ ಕೆನಡಾದವರು ರೂಪಿಸಿದ ಸಿಒಪಿಎಂ ಅಳತೆ ಇದನ್ನೇ ಮಾಡುತ್ತದೆ: ತನಗೆ ಮುಖ್ಯವಾದ ಕೆಲಸಗಳನ್ನು ಅವರೇ ಹೇಳಬೇಕು, ಈಗ ಎಷ್ಟು ಮಾಡಬಲ್ಲೆ, ಎಷ್ಟು ಸಮಾಧಾನ ಇದೆ ಎಂದು 1ರಿಂದ 10ರೊಳಗೆ ಅವರೇ ಅಂಕ ಕೊಡಬೇಕು. ನಮ್ಮ ಆಯಿಗಳಿಗೆ ಅಂಕದ ರೂಢಿ ಇಲ್ಲ. ಹತ್ತು ಶೇಂಗಾ ಬೀಜ ಮುಂದಿಟ್ಟು ‘ಇದರಾಗ ಎಷ್ಟು?’ ಅನ್ನು, ತಕ್ಷಣ ಎತ್ತಿ ತೋರಿಸುತ್ತಾರೆ.

• ಲಕ್ವಾ ಹೊಡೆದು ಒಂದು ಮಗ್ಗಲು ಬಿದ್ದವರೇ ನಿನಗೆ ಹೆಚ್ಚು ಸಿಗುವವರು. ಇಲ್ಲಿ ಪುರಾವೆ ಗಟ್ಟಿಯಾಗಿದೆ, ಆದರೆ ಷರತ್ತಿನ ಮೇಲೆ. 2006ರಲ್ಲಿ ಅಮೆರಿಕದ ಎಕ್ಸೈಟ್ ಅಧ್ಯಯನ ಬಂತು. ಲಕ್ವಾ ಆಗಿ 3ರಿಂದ 9 ತಿಂಗಳಾದ 222 ಮಂದಿ ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ಗವಸು ಹಾಕಿ, ಬಿದ್ದ ಕೈಯಿಂದಲೇ ಎರಡು ವಾರ, ದಿನಕ್ಕೆ ಆರು ಗಂಟೆಯವರೆಗೆ ಕೆಲಸ ಮಾಡಿಸಿದರು. ಕೈ ಸುಧಾರಿಸಿತು, ವರ್ಷವಾದ ಮೇಲೂ ಆ ಸುಧಾರಣೆ ಉಳಿದಿತ್ತು. ಆದರೆ ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲೆತ್ತಬಲ್ಲವರನ್ನಷ್ಟೇ ಸೇರಿಸಿಕೊಂಡಿದ್ದರು. ಪೂರ್ತಿ ಬಿದ್ದ ಕೈಯವರ ಒಳ್ಳೆಯ ಕೈಯನ್ನೂ ಕಟ್ಟಿದರೆ ಹಿಂಸೆ ಆಗುತ್ತದೆಯೇ ಹೊರತು ಚಿಕಿತ್ಸೆ ಆಗುವುದಿಲ್ಲ. ಇನ್ನೊಂದು ನಮ್ಮ ಕಡೆಯ ಮಾತು: ಬಲಗೈ ಬಿದ್ದವರು ನಾಲ್ಕು ಜನರ ಮುಂದೆ ಎಡಗೈಲಿ ಉಣ್ಣಲು ನಾಚಿ, ಮದುವೆ ಮನೆಗೆ ಹೋಗುವುದನ್ನೇ ಬಿಡುತ್ತಾರೆ. ಬಲಗೈಗೆ ಚಮಚದ ಹಿಡಿಕೆ ದಪ್ಪ ಮಾಡಿಕೊಡುವ ಸಣ್ಣ ಕೆಲಸ ಅಂಥವರನ್ನು ಮತ್ತೆ ಪಂಕ್ತಿಗೆ ಕೂರಿಸಬಲ್ಲದು.

• ಲಕ್ವಾದ ವಿಷಯದಲ್ಲೇ ನಮ್ಮ ದೇಶದ ದೊಡ್ಡ ಅಧ್ಯಯನವೊಂದಿದೆ, ಅದನ್ನು ಚೆನ್ನಾಗಿ ಓದಿಕೋ. ಹೆಸರು ಅಟೆಂಡ್, 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 14 ಆಸ್ಪತ್ರೆಗಳ 1250 ರೋಗಿಗಳು. ಥೆರಪಿಸ್ಟ್‌ಗಳು ಸಾಲದ ದೇಶ, ಆದ್ದರಿಂದ ಮನೆಯವರಿಗೇ ತರಬೇತಿ ಕೊಟ್ಟರೆ ಹೇಗೆ ಎಂಬುದು ಅವರ ವಿಚಾರ. ಆರು ತಿಂಗಳ ನಂತರ ತೀರಿಕೊಂಡವರು ಮತ್ತು ಪರರ ಆಸರೆಯಲ್ಲೇ ಉಳಿದವರು ಸೇರಿ, ಮನೆಯವರು ತರಬೇತಿ ಪಡೆದ, ಪಡೆಯದ ಎರಡೂ ಗುಂಪಿನಲ್ಲಿ ಶೇ 47. ಏನೂ ವ್ಯತ್ಯಾಸ ಇಲ್ಲ. ಇದನ್ನು ಓದಿದ ದಿನ ಮನಸ್ಸಿಗೆ ನೋವಾಯಿತು, ಆದರೆ ಅದು ಹೇಳುವುದನ್ನು ಒಪ್ಪಬೇಕು: ಹಾಳೆಯೊಂದನ್ನು ಸೊಸೆಯ ಕೈಗಿಟ್ಟು ‘ದಿನಾ ಮಾಡಿಸಿ’ ಎಂದು ಬಂದರೆ ನಿನ್ನ ಕೆಲಸ ಮುಗಿಯಲಿಲ್ಲ. ಆಕೆಗೆ ರೊಟ್ಟಿ ಇದೆ, ನೀರು ಇದೆ, ಹೊಲ ಇದೆ. ಹಾಗೆಂದು ಮನೆಯವರಿಗೆ ಕಲಿಸುವುದನ್ನು ಬಿಡಬೇಡ. ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು, ಭುಜ ಜಾರುತ್ತದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಇಷ್ಟಾದರೂ ಪ್ರತಿ ಮನೆಗೆ ತಿಳಿದಿರಲಿ. ಥೆರಪಿ ಮಾತ್ರ ನೀನೇ ಮಾಡಿಸಬೇಕು, ಮತ್ತೆ ಮತ್ತೆ ಹೋಗಬೇಕು.

• ಅಳತೆಪಟ್ಟಿಯನ್ನು ಕುರುಡಾಗಿ ನಂಬಬೇಡ. ಬಾರ್ಥೆಲ್ ಸೂಚ್ಯಂಕ 1965ರದು, 10 ಬಾಬತ್ತು, 100 ಅಂಕ. ಕುರ್ಚಿಯಿಂದ ಹಾಸಿಗೆಗೆ ಬರುತ್ತಾರಾ, ಮೆಟ್ಟಿಲು ಹತ್ತುತ್ತಾರಾ ಎಂದು ಕೇಳುತ್ತದೆ. ನೆಲದಿಂದ ಏಳುತ್ತಾರಾ, ಕುಕ್ಕರುಗಾಲಲ್ಲಿ ಕೂರುತ್ತಾರಾ ಎಂದು ಕೇಳುವುದಿಲ್ಲ. ನಮ್ಮಲ್ಲಿ ಊಟ ನೆಲದ ಮೇಲೆ, ಒಲೆ ನೆಲದ ಮೇಲೆ, ಎಷ್ಟೋ ಮನೆಗಳಲ್ಲಿ ಹಾಸಿಗೆಯೂ ನೆಲದ ಮೇಲೆ. 90 ಅಂಕ ಪಡೆದ ಹೆಣ್ಣುಮಗಳು ಒಲೆ ಮುಂದೆ ಕೂರಲಾಗದೆ ಇನ್ನೂ ಪರಾಧೀನಳಾಗಿರಬಹುದು. ವರದಿಗೆ ಬಾರ್ಥೆಲ್ ಬರೆ, ಪಕ್ಕದಲ್ಲಿ ನಿನ್ನದೇ ಸಾಲುಗಳನ್ನೂ ಸೇರಿಸು: ನೆಲದಿಂದ ಏಳುವುದು, ಕೊಡ ಎತ್ತುವುದು, ಸೀರೆ ಉಡುವುದು, ಬಯಲಿಗೆ ಹೋಗಿಬರುವುದು.

• ಮಕ್ಕಳ ವಿಷಯಕ್ಕೆ ಬರೋಣ. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತು ಇಂಗ್ರಿಡ್ ಹೋನನ್ 2019ರಲ್ಲಿ ಮಕ್ಕಳ ಓಟಿಯ ಪುರಾವೆಯನ್ನೆಲ್ಲ ಒಟ್ಟುಹಾಕಿ, ಸಿಗ್ನಲ್ ದೀಪದ ಬಣ್ಣ ಕೊಟ್ಟು ವಿಂಗಡಿಸಿದರು. 135 ಸಂದರ್ಭಗಳನ್ನು ನೋಡಿ, ಖಂಡಿತ ಮಾಡಿ ಎಂಬ ಹಸಿರು ಕೊಟ್ಟದ್ದು ಶೇ 30ಕ್ಕೆ ಮಾತ್ರ. ಹಸಿರು ಬಂದ ಹೆಚ್ಚಿನ ಪದ್ಧತಿಗಳಲ್ಲಿ ಮಗು ತಾನೇ ಕೆಲಸ ಮಾಡುತ್ತಿತ್ತು. ಮಗು ಸುಮ್ಮನೆ ಮಲಗಿ, ದೊಡ್ಡವರು ಅದರ ಕೈಕಾಲು ಆಡಿಸುವ ಪದ್ಧತಿಗಳು ಹಿಂದೆ ಬಿದ್ದವು. ಎಣ್ಣೆ ತೀಡುವ ಅಜ್ಜಿಯನ್ನು ಬೈಯಬೇಡ, ಅದರಲ್ಲಿ ಪ್ರೀತಿ ಇದೆ. ಆದರೆ ಅದರಿಂದ ಮಗು ಅಂಗಿ ಹಾಕಿಕೊಳ್ಳಲು ಕಲಿಯುತ್ತದೆ ಎಂಬ ಆಸೆ ಹುಟ್ಟಿಸಬೇಡ.

• ಇದೇ ನೋವಾಕ್ 2009ರಲ್ಲಿ ಮಾಡಿದ ಸಣ್ಣ ಅಧ್ಯಯನ ನಮ್ಮ ತಾಯಂದಿರಿಗೆ ನಿಜಕ್ಕೂ ಧೈರ್ಯ ಕೊಡುವಂಥದು. ಸೆರೆಬ್ರಲ್ ಪಾಲ್ಸಿ ಇರುವ 36 ಮಕ್ಕಳು. ಗುರಿ ಆರಿಸಿದವರು ಮನೆಯವರು, ದಾರಿ ತೋರಿಸಿದವರು ಥೆರಪಿಸ್ಟ್‌ಗಳು. ಎಂಟು ವಾರದಲ್ಲಿ ವ್ಯತ್ಯಾಸ ಕಂಡಿತು. ತಂದೆತಾಯಿ ಮಾಡಿಸಿದ್ದು ಎಷ್ಟು ಗೊತ್ತೇ? ತಿಂಗಳಿಗೆ ಸರಾಸರಿ 17–18 ಸಲ, ಸಲಕ್ಕೆ 16–17 ನಿಮಿಷ. ದಿನವಿಡೀ ಕೂತು ಮಾಡಿಸದಿದ್ದರೆ ತಾನು ಕೆಟ್ಟ ತಾಯಿ ಎಂದು ಕೊರಗುವವರಿಗೆ ಈ ಲೆಕ್ಕ ಹೇಳು. ಅಟೆಂಡ್‌ನಲ್ಲಿ ಆಗದ್ದು ಇಲ್ಲಿ ಹೇಗಾಯಿತು ಎಂದು ನೀನು ಕೇಳಬಹುದು. ರೋಗ ಬೇರೆ, ವಯಸ್ಸು ಬೇರೆ, ಅಧ್ಯಯನದ ಗಾತ್ರವೂ ಬೇರೆ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೂ ಗುರಿಯನ್ನು ಮನೆಯವರೇ ಆರಿಸಿದ್ದು ಸಣ್ಣ ವಿಷಯವಲ್ಲ ಎಂದು ನನ್ನ ನಂಬಿಕೆ.

• ಆಟಿಸಂ ಇರುವ ಮಕ್ಕಳ ತಂದೆತಾಯಿ ಪಟ್ಟಣಕ್ಕೆ ಅಲೆದು, ಸೆನ್ಸರಿ ಥೆರಪಿಗೆ ಸಾಲ ಮಾಡಿ ಹಣ ಕಟ್ಟುವುದನ್ನು ಕಂಡಿದ್ದೇನೆ. ಬ್ರಿಟನ್ನಿನಲ್ಲಿ 138 ಮಕ್ಕಳ ಮೇಲೆ ನಡೆದ ಸೆನಿಟಾ ಅಧ್ಯಯನ 2022ರಲ್ಲಿ ಬಂತು, ಮಾಮೂಲು ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ಲಾಭ ಕಂಡಿದೆ ಎಂಬುದೂ ನಿಜ. ಭಾರದ ಕಂಬಳಿ ಹೊದಿಸಿದರೆ ನಿದ್ದೆ ಹೆಚ್ಚುತ್ತದೆಯೇ ಎಂದು 2014ರಲ್ಲಿ ನೋಡಿದರು, ಹೆಚ್ಚಲಿಲ್ಲ. ನೀನು ಇಂಥದ್ದನ್ನು ಮಾಡಿಸುವುದಾದರೆ ಗುರಿ ಬರೆದು, ಎರಡು ತಿಂಗಳು ನೋಡಿ, ಫಲ ಕಾಣದಿದ್ದರೆ ನಿಲ್ಲಿಸು. ಬಡವರ ಹಣದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡುವುದು ಪಾಪ.

• ಮುತ್ಯಾ, ಆಯಿಗಳು ಬೀಳುವುದನ್ನು ತಡೆಯುವುದರಲ್ಲಿ ನಮ್ಮ ಕಸುಬಿನ ಪುರಾವೆ ಬಹಳ ಚೆನ್ನಾಗಿದೆ. ಸುತ್ತಲ ಪರಿಸರ ಬದಲಿಸಿ ಬೀಳುವುದನ್ನು ತಡೆಯುವ 22 ಅಧ್ಯಯನಗಳನ್ನು 2023ರ ಕಾಕ್ರೇನ್ ಪರಿಶೀಲನೆ ಒಟ್ಟಿಗೆ ನೋಡಿತು. ಮನೆಯೊಳಗಿನ ಅಪಾಯಗಳನ್ನು ಸರಿಪಡಿಸಿದಲ್ಲಿ ಬೀಳುವ ಪ್ರಮಾಣ ಸುಮಾರು ಶೇ 26 ಇಳಿದಿತ್ತು. ಮೊದಲೇ ಬಿದ್ದವರಂಥ ಹೆಚ್ಚು ಅಪಾಯದವರಲ್ಲಿ ಶೇ 38. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 2011ರಲ್ಲಿ ಇನ್ನೊಂದು ಕಂಡಿತು: ಓಟಿ ಹೋಗಿ ಮನೆ ನೋಡಿದಾಗ ಬೀಳುವುದು ಕಡಿಮೆಯಾಯಿತು, ತರಬೇತಿ ಪಡೆದ ಬೇರೆಯವರು ಹೋದಾಗ ಅಷ್ಟು ಆಗಲಿಲ್ಲ. ನಮ್ಮ ಮನೆಗಳಲ್ಲಿ ನೋಡಬೇಕಾದ್ದು ಬೇರೆ. ಎತ್ತರದ ಹೊಸ್ತಿಲು, ಬಚ್ಚಲಿನ ನುಣುಪಾದ ಶಹಾಬಾದಿ ಫರಸಿ, ಅಂಗಳದಲ್ಲಿ ಕಟ್ಟಿದ ಎಮ್ಮೆಯ ಹಗ್ಗ, ರಾತ್ರಿ ಚೆಂಬು ಹಿಡಿದು ಕತ್ತಲಲ್ಲಿ ಹೊರಗೆ ಹೋಗುವ ದಾರಿ. ಬಚ್ಚಲ ಗೋಡೆಗೆ ಒಂದು ಹಿಡಿಕೆ, ದಾರಿಗೆ ಒಂದು ಬಲ್ಬು, ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟೆ. ಕಡಿಮೆ ಖರ್ಚಿನ ಕೆಲಸಗಳಿವು, ಮೊದಲು ಮಾಡಿಸು.

• ವಯಸ್ಸಾದವರನ್ನು ಒಂದೆಡೆ ಸೇರಿಸಿ ಭಜನೆ ಹಾಡಿಸಿದರೆ ಸಾಕು ಅಂದುಕೊಳ್ಳಬೇಡ. 1997ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 361 ಹಿರಿಯರನ್ನು ಮೂರು ಗುಂಪು ಮಾಡಿ ನೋಡಿದರು. ಸುಮ್ಮನೆ ಕಾಲ ಕಳೆಯಲು ಕೂಡಿದ ಗುಂಪು ಏನೂ ಮಾಡದ ಗುಂಪಿಗಿಂತ ಮೇಲಾಗಲಿಲ್ಲ. ಓಟಿಗಳು ಪ್ರತಿಯೊಬ್ಬರ ದಿನಚರಿಯನ್ನೇ ಹಿಡಿದು, ಬದಲಿಸಲು ನೆರವಾದ ಗುಂಪಿನ ಆರೋಗ್ಯ ಉತ್ತಮವಾಗಿತ್ತು.

• ಅರಳು ಮರಳಾದವರ ಮನೆಯಲ್ಲಿ ನಿನ್ನ ರೋಗಿ ಇಬ್ಬರು: ಅವರು ಮತ್ತು ನೋಡಿಕೊಳ್ಳುವವರು. ನೆದರ್‌ಲ್ಯಾಂಡ್ಸ್‌ನಲ್ಲಿ 2006ರಲ್ಲಿ 135 ಮಂದಿಯ ಅಧ್ಯಯನದಲ್ಲಿ ಒಂದು ಗುಂಪಿಗೆ ಐದು ವಾರದಲ್ಲಿ ಹತ್ತು ಭೇಟಿ ಕೊಟ್ಟಾಗ ದಿನನಿತ್ಯದ ಕೆಲಸವೂ ಸುಧಾರಿಸಿತು, ಮನೆಯವರ ಭಾರವೂ ಇಳಿಯಿತು. ಅದನ್ನೇ ಜರ್ಮನಿಯಲ್ಲಿ ಮಾಡಿದಾಗ ಆ ಫಲ ಸಿಗಲಿಲ್ಲ. ಭರವಸೆ ಕೊಡುವಾಗ ಎರಡನ್ನೂ ನೆನಪಿಡು.

• ಪಾರ್ಕಿನ್ಸನ್‌ನಲ್ಲೂ ಹೀಗೇ. ಡಚ್ಚರು 191 ಮಂದಿಯ ಅಧ್ಯಯನದಲ್ಲಿ ಒಂದು ಗುಂಪಿಗೆ ಹತ್ತು ವಾರ ಮನೆಗೇ ಹೋಗಿ ಕಲಿಸಿದರು, ಫಲ ಬಂತು. ಬ್ರಿಟನ್ನಿನ 762 ಮಂದಿಯ ಅಧ್ಯಯನದಲ್ಲಿ ಥೆರಪಿ ಪಡೆದ ಗುಂಪಿಗೆ ಸಾಮಾನ್ಯವಾಗಿ ಸಿಕ್ಕಿದ್ದು ನಾಲ್ಕೇ ಭೇಟಿಯಷ್ಟು, ಫಲ ಬರಲಿಲ್ಲ. ಕಾಯಿಲೆಯ ಮಟ್ಟವೂ ಒಂದೇ ಇರಲಿಕ್ಕಿಲ್ಲ, ಆದರೆ ನಾಲ್ಕು ಭೇಟಿಯಲ್ಲಿ ಯಾರ ರೂಢಿ ಬದಲಾಗುತ್ತದೆ?

• ಮನಸ್ಸಿನ ಕಾಯಿಲೆಯವರನ್ನು ಬಿಟ್ಟು ಹೋಗಬೇಡ, ಅವರನ್ನು ಯಾರೂ ತಾವಾಗಿ ತೋರಿಸುವುದಿಲ್ಲ. ಹಳ್ಳಿಯಲ್ಲಿ ಇವರಿಗೆ ಚಿಕಿತ್ಸೆ ಆಗದು ಎನ್ನುವವರಿಗೆ ನಮ್ಮದೇ ರಾಜ್ಯದ ಉತ್ತರ ಇದೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು 1980ರ ದಶಕದ ಬಳ್ಳಾರಿಯಲ್ಲಿ. ಆಮೇಲೆ ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ವರ್ಷಗಟ್ಟಲೆ ಹಿಂಬಾಲಿಸಿ, ಔಷಧಿ ಮುಂದುವರಿಸಿದವರ ಅಸಾಮರ್ಥ್ಯ ಕಡಿಮೆ ಎಂದು ತೋರಿಸಿದರು. ತಮಿಳುನಾಡು, ಗೋವಾ, ಮಹಾರಾಷ್ಟ್ರದ 282 ಮಂದಿಯ ಕಾಪ್ಸಿ ಅಧ್ಯಯನ 2014ರದು. ಊರಿನ ಕಾರ್ಯಕರ್ತರು ಮನೆಗೆ ಹೋಗಿ ನೆರವಾದಾಗ, ಬರೀ ಆಸ್ಪತ್ರೆ ಚಿಕಿತ್ಸೆಗಿಂತ ಸ್ವಲ್ಪ ಹೆಚ್ಚು ಗುಣ ಕಂಡಿತು. ಮಾತ್ರೆ ತಪ್ಪದಂತೆ ನೋಡು, ಜೊತೆಗೇ ಕೆಲಸಕ್ಕೆ ಹಚ್ಚು. ಮೇಣದಬತ್ತಿ ಮಾಡಿಸುವುದಲ್ಲ, ಕುರಿ ಕಾಯುವುದು, ಹತ್ತಿ ಬಿಡಿಸುವುದು, ಕಿರಾಣಿ ಅಂಗಡಿಯಲ್ಲಿ ಕೂರುವುದು, ಅವರು ಮೊದಲು ಮಾಡುತ್ತಿದ್ದದ್ದು. ನಿಜವಾದ ಕೂಲಿ ಸಿಗುವ ಕೆಲಸಕ್ಕೆ ನೇರ ಸೇರಿಸಿ ಅಲ್ಲೇ ಬೆಂಬಲ ಕೊಡುವುದು, ಮೊದಲು ವರ್ಷಗಟ್ಟಲೆ ತರಬೇತಿ ಕೊಡುವುದಕ್ಕಿಂತ ಒಳ್ಳೆಯದು ಎಂದು ಹಲವು ದೇಶಗಳ ಪುರಾವೆ ಇದೆ. ರಾತ್ರಿಹೊತ್ತು ತೊಂದರೆಯಾದರೆ ಮನೆಯವರು ಟೆಲಿ ಮನಸ್‌ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಲಿ.

• ಕುಷ್ಠದಿಂದ ಸ್ಪರ್ಶ ಹೋದ ಕೈಗಳು ಸಿಕ್ಕರೆ, ಬೆರಳು ಸವೆಯುವುದು ಕಾಯಿಲೆ ತಿಂದದ್ದರಿಂದಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಎಂದು ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದನ್ನು ನೆನೆ. ಹಂಚಿನ ಮುಂದೆ ಕೂರುವ ಹೆಂಗಸಿಗೆ ಬಟ್ಟೆ ಸುತ್ತಿದ ಇಕ್ಕಳ, ಸೌಟಿಗೆ ಮರದ ಹಿಡಿಕೆ, ಸಂಜೆ ಕೈ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ.

• ಒಬ್ಬಳೇ ಓಡಾಡಬೇಡ. ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆಗಿಲ್ಲ ಎಂಬುದು ನಿನಗಿಂತ ಅವರಿಗೆ ಗೊತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಅದರಲ್ಲಿ ಮಾನಸಿಕ ಕಾಯಿಲೆಯೂ ಪಾರ್ಕಿನ್ಸನ್ನೂ ಸೇರಿವೆ ಎಂದು ಮನೆಯವರಿಗೆ ತಿಳಿಸು.

• ಮೇಲೆ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳವು. ಅದಕ್ಕೇ ನಿನ್ನದೊಂದು ಪುಸ್ತಕ ಇಡು: ಮೊದಲ ದಿನ ಎಷ್ಟು ಶೇಂಗಾ ಬೀಜ ಎತ್ತಿದರು, ಎಂಟು ವಾರದ ಮೇಲೆ ಎಷ್ಟು, ನೀನು ಎಷ್ಟು ಸಲ ಹೋದೆ. ಸುಧಾರಿಸದವರದ್ದನ್ನೂ ಬರೆ. ಬೆಂಗಳೂರು, ಪುಣೆಗೆ ದುಡಿಯಲು ಹೋಗುವ ಕುಟುಂಬಗಳನ್ನು ಹೊರಡುವ ಮುಂಚೆಯೇ ಕೇಳಿಟ್ಟುಕೊಂಡು, ಅಭ್ಯಾಸದ ಚಿತ್ರಗಳ ಹಾಳೆ ಕೊಟ್ಟು, ಫೋನ್ ನಂಬರ್ ಬರೆದುಕೋ. ಯುಗಾದಿಗೆ ಊರಿಗೆ ಬಂದಾಗ ಅದೇ ಹತ್ತು ಬೀಜ ಮುಂದಿಟ್ಟು ಮತ್ತೆ ಕೇಳು.